ಸೀತಾಳೆ ವಾರ್ಡಿನ ಸಿಸ್ಟರ್

ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ವರ್ಷಗಟ್ಟಲೆ ಸಿರಿಂಜಿನ ತಳ ಒತ್ತಿ ಒತ್ತಿ ಆದದ್ದು. ನಿವೃತ್ತರಾದ ಮೇಲೆ ಆ ಬೆರಳಿಗೆ ಇನ್ನೊಂದು ಗುರುತೂ ಸೇರಿತು. ಉಗುರಿನ ಸುತ್ತ ಕಾಫಿ ಡಿಕಾಕ್ಷನ್ನಿನಂಥ ಕಂದು ಕಲೆ, ಹತ್ತಿರ ಬಂದರೆ ಮೀನು ಮಾರ್ಕೆಟ್ಟಿನ ಹಿಂಬದಿಯ ವಾಸನೆ. ಸಮುದ್ರದ ಪಾಚಿಯಿಂದ ತೆಗೆದ ರಸದ ವಾಸನೆ ಅದು. ಸೋಪು, ನಿಂಬೆಹುಳಿ, ಸೀಗೆಪುಡಿ, ಯಾವುದಕ್ಕೂ ಹೋಗುತ್ತಿರಲಿಲ್ಲ. ಆ ಬೆರಳನ್ನು ದೂರ ಇಟ್ಟು, ಪಕ್ಕದ ಮೂರು ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು, ಗಿಡಗಳ ಕಡೆ ನೋಡುತ್ತ ಅವರು ನನ್ನ ನಾಡಿ ಎಣಿಸುತ್ತಿದ್ದರು.

ತೀರ್ಥಹಳ್ಳಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು. ಪೇಟೆಯಲ್ಲಿ ನಡೆದುಹೋದರೆ ಎದುರಾಗುವ ಅರ್ಧ ಜನ ಮೊದಲ ಸಲ ಅತ್ತದ್ದು ಅವರ ಕೈಯಲ್ಲೇ. ಎಲ್ಲರಿಗೂ ಅವರು ಸಿಸ್ಟರ್. ತರಕಾರಿಯವಳು ಕೂಡ "ಸಿಸ್ಟರ್, ಬೀನ್ಸ್ ಎಳೇದಿದೆ" ಎಂದೇ ಕೂಗುತ್ತಿದ್ದಳು. ಹೊಸನಗರದ ಕಡೆಯವರು, ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಡ್ಯೂಟಿ ಇತ್ತು" ಎಂದು ಬಿಡುತ್ತಿದ್ದರು, ಮದುವೆ ಎಂಬುದು ಒಂದೇ ದಿನ, ಆ ದಿನ ರಜೆ ಸಿಗಲಿಲ್ಲ ಎಂಬ ಹಾಗೆ.

ನಾನು ಅವರಿಂದ ಎರಡು ಮನೆ ಈಚೆಗಿರುವ ವಿಮೆ ಏಜೆಂಟ್. ಊರಿನವರಿಗೆ ಹೆದರಿಕೆ ಮಾರಿ, ಮಾರದೆ ಉಳಿದದ್ದನ್ನು ಸಂಜೆ ಮನೆಗೆ ಹೊತ್ತು ತರುವ ಕೆಲಸ. ಎಡಗೈ ಜುಮ್ಮೆಂದರೆ ಹೃದಯ, ಬಲಗೈ ಜುಮ್ಮೆಂದರೆ ನರ, ಎರಡೂ ಸುಮ್ಮನಿದ್ದರೆ ಅದಕ್ಕೂ ಒಂದು ಅನುಮಾನ. ಡಾಕ್ಟರ ಹತ್ತಿರ ಹೋಗಲು ಭಯ, ಏನಾದರೂ ಸಿಕ್ಕಿಬಿಟ್ಟರೆ ಎಂದು. ಹಾಗಾಗಿ ಸಿಸ್ಟರ್ ಹತ್ತಿರ ಹೋಗುತ್ತಿದ್ದೆ.

"ಸಿಸ್ಟರ್, ಬೆಳಿಗ್ಗೆಯಿಂದ ಎದೆ ಒಂಥರಾ ಆಗ್ತಿದೆ."

"ಒಂಥರಾ ಅಂದ್ರೆ ಎಂತದು?"

"ಹೇಳೋಕೆ ಬರ್ತಿಲ್ಲ."

"ಹಲಸಿನ ಹಣ್ಣು ತಿಂದ್ರಾ?"

"ಸ್ವಲ್ಪ."

"ನಿಮ್ಮ ಸ್ವಲ್ಪ ನಂಗೆ ಗೊತ್ತಿಲ್ವಾ. ಕೂತ್ಕಳಿ, ನೋಡಾಣ."

ಈ 'ನೋಡಾಣ' ಅವರ ದೊಡ್ಡ ಮಾತು. ಹುಷಾರಾಗ್ತೀರಿ, ಏನೂ ಆಗಲ್ಲ, ಹೆದರಬೇಡಿ ಎಂದು ಅವರು ಯಾರಿಗೂ ಹೇಳಿದವರಲ್ಲ. ವಾರ್ಡಿನಲ್ಲಿ ಹಾಗೆಲ್ಲ ಮಾತು ಕೊಡಬಾರದು ಎನ್ನುತ್ತಿದ್ದರು. ನನಗೋ ಆ ಮಾತು ಕೇಳಿದರೆ ಸಿಟ್ಟು. ನೋಡುವುದಕ್ಕೆ ನನಗೆ ಬರುವುದಿಲ್ಲವೇ. ಏನೂ ಇಲ್ಲ ಎಂದು ಹೇಳಲಿ ಎಂದಲ್ಲವೇ ನಾನು ಬಂದದ್ದು.

ಒಮ್ಮೆ ಅವರ ಜಗುಲಿಯಲ್ಲಿ ಕೂತು ನಾನೇ ನನ್ನ ಮಣಿಕಟ್ಟು ಹಿಡಿದು ನೋಡಿಕೊಳ್ಳುತ್ತಿದ್ದೆ. ಅವರು ಕೈ ಮೇಲೆ ಒಂದು ಹೊಡೆದರು.

"ಹೆಬ್ಬೆರಳಲ್ಲಿ ನೋಡಬಾರದು ಮಾರಾಯ್ರೇ. ಅದಕ್ಕೆ ಅದರದ್ದೇ ಬಡಿತ ಇರ್ತದೆ. ಇನ್ನೊಬ್ಬರದು ಅಂದ್ಕೊಂಡು ನಮ್ಮದನ್ನೇ ಎಣಿಸ್ತಾ ಕೂರ್ತೀವಿ."

ನಿವೃತ್ತರಾದ ಮೇಲೆ ಅವರ ವಾರ್ಡು ಮನೆಯ ಹಿಂದಿನ ಜಗುಲಿಗೆ ಬಂತು. ರೋಗಿಗಳೆಲ್ಲ ಸೀತಾಳೆಗಳು. ನರ್ಸರಿಯವರು ಆರ್ಕಿಡ್ ಎಂದು ಕುಂಡದಲ್ಲಿಟ್ಟು ಮಾರುತ್ತಾರಲ್ಲ, ಅವಲ್ಲ. ನಮ್ಮ ಮರಗಳ ಮೇಲೆ ತಾವಾಗಿ ಬೆಳೆಯುವ, ಬಹಳ ಜನ ಬಂದಳಿಕೆ ಎಂದು ತಿಳಿದು ಕೆರೆದು ಬಿಸಾಡುವ ಜಾತಿ. ಗಾಳಿಗೆ ಕೊಂಬೆ ಮುರಿದರೆ, ಲೈನಿಗೆ ಅಡ್ಡ ಎಂದು ಕರೆಂಟಿನವರು ಕಡಿದರೆ, ಸಾಗರದ ದಾರಿಯಲ್ಲೋ ಹೊಸನಗರದ ದಾರಿಯಲ್ಲೋ ಮರ ಬಿದ್ದಿದೆ ಎಂದು ಸುದ್ದಿ ಬಂದರೆ ಇವರು ಬಸ್ಸು ಹತ್ತುತ್ತಿದ್ದರು. ಬರುವಾಗ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದು ಮಡಿಲಲ್ಲಿ.

"ಸಿಸ್ಟರ್, ಇದಕ್ಕೂ ಟಿಕೆಟ್ ಹರೀಲಾ?" ಎಂದು ಕಂಡಕ್ಟರ್ ಕೇಳಿದನಂತೆ.

"ಹಾಫ್ ಹರಿ. ಇನ್ನೂ ಸಣ್ಣದು."

ಸೀತಾಳೆಗೆ ಮಣ್ಣು ಬೇಡ, ತೊಗಟೆ ಹಿಡಿದುಕೊಳ್ಳಲು ಬೇರು ಬೇಕು. ಮರದಿಂದ ಕಿತ್ತು ಬಿದ್ದಾಗ ಮೊದಲು ಹರಿಯುವುದೇ ಬೇರು. ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ. "ಎಲೆ ನೋಡಿ ಮೋಸ ಹೋಗ್ಬೇಡಿ ಏಜೆಂಟ್ರೇ. ಅದು ಮದುವೆಮನೆಗೆ ಬಂದ ನೆಂಟರ ಥರ, ನಾಕು ದಿನ ನಗ್ತಾನೇ ಇರ್ತದೆ. ಬೇರು ನೋಡಿ." ಬೆರಳಲ್ಲಿ ಒತ್ತಿದರೆ ಕಾಗದದಂತೆ ಕುಸಿಯುವ ಬೇರು ಸತ್ತದ್ದು, ಅದನ್ನು ಬ್ಲೇಡಿನಿಂದ ತೆಗೆದು, ಕೊಯ್ದ ಜಾಗಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಗಿಡವನ್ನು ನೆರಳಲ್ಲಿ ನೇತುಹಾಕುತ್ತಿದ್ದರು. ಆಮೇಲೆ ಪಾಚಿ ರಸದ ಸರದಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗುಳ್ಳೆ ತೆಗೆದು, ಬಾಟಲಿಯ ಮೇಲೆ ಬರೆದದ್ದರ ಅರ್ಧದಷ್ಟನ್ನು ಬಕೆಟ್ಟಿನ ನೀರಿಗೆ ಬಿಡುತ್ತಿದ್ದರು. ಗಿಡದ ಬುಡವನ್ನು ಅದರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಮತ್ತೆ ಗಾಳಿಗೆ. ಮಧ್ಯಾಹ್ನದೊಳಗೆ ಒಣಗಲೇಬೇಕು. ಮುಂದಿನ ವಾರದವರೆಗೆ ಬೆಳಗಿನ ತುಂತುರು ಬಿಟ್ಟರೆ ಬೇರೇನೂ ಇಲ್ಲ.

"ಗೊಬ್ಬರನೇ ಹಾಕಬಹುದಲ್ಲ ಸಿಸ್ಟರ್, ಬೇಗ ಆಗ್ತದೆ" ಎಂದಿದ್ದೆ.

"ಇದು ಊಟ ಅಲ್ಲ. ಆಪರೇಶನ್ ಆದೋರನ್ನ ಭುಜ ಹಿಡಿದು ಎಬ್ಬಿಸಿ ಕೂರಿಸ್ತೀವಲ್ಲ, ಹಂಗೆ. ಎದ್ದ ಮೇಲೆ ನಡೆಯೋದು ಅವರಿಗೆ ಬಿಟ್ಟಿದ್ದು. ಮಲಗಿದೋರ ಬಾಯಿಗೆ ಊಟ ತುರುಕಿದ್ರೆ ಎಂತ ಆಗ್ತದೆ?"

ಆ ರಸ ಸಿಗುತ್ತಿದ್ದದ್ದು ಕೋಣಂದೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ. ಅಡಿಕೆಗೆ ಹೊಡೆಯಲೆಂದು ಜನ ಕ್ಯಾನಿನಲ್ಲಿ ಒಯ್ಯುತ್ತಾರೆ. ಸಣ್ಣ ಬಾಟಲಿ ಕೇಳಿದ ಇವರಿಗೆ ಅಂಗಡಿಯವನು "ಎಷ್ಟು ಎಕರೆ ತೋಟ ಸಿಸ್ಟರ್?" ಎಂದನಂತೆ. "ಹನ್ನೊಂದು ಬೆಡ್ಡು" ಎಂದರಂತೆ ಇವರು. ಅವನು ಅದು ಯಾವುದೋ ಹೊಸ ಅಳತೆ ಇರಬೇಕೆಂದು ತಲೆಯಾಡಿಸಿದನಂತೆ.

ವಾಸನೆಯ ದಿನ ಎದುರುಮನೆಯ ಭಟ್ಟರ ಹೆಂಡತಿ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. "ಸಿಸ್ಟರ್, ತಪ್ಪು ತಿಳ್ಕೋಬೇಡಿ. ಇವತ್ತು ಏಕಾದಶಿ. ನಿಮ್ಮನೆ ಅಡುಗೆ ಸ್ವಲ್ಪ..."

"ಮೀನಲ್ಲ ಮಾರಾಯ್ತಿ, ಸೊಪ್ಪು."

"ಯಾವ ಸೊಪ್ಪು?"

"ಸಮುದ್ರದ್ದು."

"ಸಮುದ್ರದ್ದು ಅಂದ್ಮೇಲೆ ಅದೂ ಒಂದು ಲೆಕ್ಕದಲ್ಲಿ..." ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆ ದಿನಗಳಲ್ಲಿ ಎರಡು ಊದುಬತ್ತಿ ಜಾಸ್ತಿ ಹಚ್ಚಿ ಸುಮ್ಮನಾದರು.

ಕಾಂಡದ ಬುಡದಲ್ಲೋ ಎಲೆಯ ಸಂದಿನಲ್ಲೋ ಅಕ್ಕಿಕಾಳಿನಷ್ಟು ಹಸಿರು ಮೊನೆ ಕಂಡರೆ ಬೇರು ಬಂತು ಎಂದರ್ಥ. ಅದು ನಾಲ್ಕು ಬೆರಳು ಉದ್ದವಾದ ಮೇಲೆ ಡಿಸ್ಚಾರ್ಜು. ಬದುಕಿರುವ ಮರವೊಂದನ್ನು ಹುಡುಕಿ, ಗಿಡವನ್ನು ಬ್ಯಾಂಡೇಜ್ ಬಟ್ಟೆಯಿಂದ ತೊಗಟೆಗೆ ಸುತ್ತಿ ಕಟ್ಟುತ್ತಿದ್ದರು. ಹಗ್ಗವಲ್ಲ, ತಂತಿಯಲ್ಲ. ಮಳೆಗೆ ಆ ಬಟ್ಟೆ ಕೊಳೆತು ಉದುರುವ ಹೊತ್ತಿಗೆ ಬೇರು ಮರ ಹಿಡಿದಿರಬೇಕು. ಮೆಲ್ಲಗೆ ಎಳೆದು ನೋಡಿ, ಕೈಗೆ ಬಾರದಿದ್ದರೆ ಬೆನ್ನು ತಟ್ಟುವಂತೆ ತೊಗಟೆಗೊಂದು ತಟ್ಟಿ ಹೊರಡುತ್ತಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಮರ, ಶಾಲೆಯ ಹಲಸು, ಸಂತೆ ಮೈದಾನದ ಮಾವು, ಎಲ್ಲ ಕಡೆ ಅವರ ಪೇಷಂಟುಗಳಿದ್ದವು, ಈಗಲೂ ಇವೆ.

ಇಷ್ಟು ಹೊತ್ತು ವಾಸನೆ, ಊದುಬತ್ತಿ ಎಂದು ಸುತ್ತು ಹೊಡೆದೆ. ಹೇಳಬೇಕಾದ್ದು ಹತ್ತಿರ ಬಂದರೆ ನನಗೆ ಹೀಗೇ ಆಗುತ್ತದೆ.

ನಮ್ಮ ಮದುವೆಯಾದ ಮರುವರ್ಷ, ಮಳೆ ಹಿಡಿಯುವ ಹೊತ್ತಿಗೆ, ನನ್ನ ಹೆಂಡತಿಗೆ ಹೆರಿಗೆಯಾಯಿತು. ಮಗು ಅಳಲಿಲ್ಲ. ಅಷ್ಟೇ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಆ ಕಾಲದಲ್ಲಿ ಬಾಣಂತಿಯನ್ನು ಮನೆಗೆ ಕರೆದೊಯ್ಯುವ ದಿನ ವಾರ್ಡಿನಲ್ಲಿ ಸಂಭ್ರಮ. ತಲೆಗೆ ಹೂವು, ಮಗುವಿಗೆ ದೃಷ್ಟಿಬೊಟ್ಟು, ಎಲ್ಲರ ಕೈಗೂ ಸಕ್ಕರೆ. ಬರಿಗೈಯಲ್ಲಿ ಹೋಗುವವರನ್ನು ಮಾತ್ರ ಮನೆಯವರು ಹಿಂದಿನ ಬಾಗಿಲಿನಿಂದ, ಯಾರೂ ನೋಡದ ಹೊತ್ತಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಯಾರೂ ಮಾಡಿದ ನಿಯಮವಲ್ಲ. ಹಾಗೆ ನಡೆದು ಬಂದಿತ್ತು. ನಮ್ಮ ಕಡೆಯ ಹಿರಿಯರೂ ಹಿಂದಿನ ಬಾಗಿಲಿನ ಹತ್ತಿರ ಆಟೋ ನಿಲ್ಲಿಸಿದ್ದರು. ಸಿಸ್ಟರ್ ಬಂದು "ಸ್ವಲ್ಪ ತಡೀರಿ" ಎಂದು ಹೊರಗೆ ಹೋದರು. ಆಸ್ಪತ್ರೆಯ ಗೇಟಿನ ಪಕ್ಕ, ರಸ್ತೆಯಂಚಿಗೆ ಒಂದು ದೊಡ್ಡ ಕಾಟುಮಾವಿನ ಮರ. ಅದರ ಕವಲಿನಲ್ಲಿ ಸೀತಾಳೆಯ ದೊಡ್ಡ ಹಿಂಡು. ಆಯಾ ಕೈಯಲ್ಲಿ ಕಾಯಿ ಕೊಯ್ಯುವ ದೋಟಿ ಹಿಡಿಸಿ ಒಂದು ದಂಡೆ ಇಳಿಸಿ ತಂದರು. ಬಿಳಿ ಗುಲಾಬಿ ಬಣ್ಣದ, ಗೇಣುದ್ದದ, ಅಳಿಲಿನ ಬಾಲದ ಹಾಗೆ ಇಳಿಬಿದ್ದ ಹೂವು. ನಮ್ಮಲ್ಲಿ ಮದುಮಗಳ ಜಡೆಗೆ ಮುಡಿಸುವಂಥದ್ದು. ನನ್ನ ಹೆಂಡತಿಯ ತಲೆ ಬಾಚಿ, ಜಡೆ ಹಾಕಿ, ಅದನ್ನು ಮುಡಿಸಿದರು.

ನಮ್ಮ ಹಿರಿಯರೊಬ್ಬರು "ಇದೆಲ್ಲ ಈಗ ಯಾಕೆ ಸಿಸ್ಟರ್" ಎಂದರು.

"ಹೆತ್ತವಳು ಹೆತ್ತವಳೇ. ಬರೀ ತಲೇಲಿ ಯಾಕೆ ಹೋಗ್ಬೇಕು? ಮುಂದಿನ ಬಾಗಿಲಿಂದ ಕರ್ಕೊಂಡು ಹೋಗಿ."

ಹೆರಿಗೆಯಾದಾಗಿನಿಂದ ಅವಳು ಅತ್ತಿರಲಿಲ್ಲ. ಮುಂಬಾಗಿಲಿನ ಮೆಟ್ಟಿಲಿಳಿಯುವಾಗ, ಆ ಹೂವಿನ ಭಾರ ಕತ್ತಿನ ಹಿಂದೆ ತೂಗಿದಾಗ, ಅತ್ತಳು. ಬರಿಗೈಯಲ್ಲಿ ಹೋಗುವ ಎಲ್ಲ ಹೆಂಗಸರಿಗೂ ಸಿಸ್ಟರ್ ಹೀಗೆ ಹೂವು ಮುಡಿಸುತ್ತಾರೆ, ಸೀತಾಳೆ ಇಲ್ಲದ ತಿಂಗಳಲ್ಲಿ ತಮ್ಮ ಮನೆಯ ಕನಕಾಂಬರ ತರುತ್ತಾರೆ ಎಂಬುದು ನಮಗೆ ಆಮೇಲೆ ತಿಳಿಯಿತು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಪ್ರತಿವರ್ಷ ಆ ಮರದಲ್ಲಿ ಹೂವು ಇಳಿದಾಗ ಅದರ ಕೆಳಗೆ ಹಾದುಹೋಗುವಾಗೆಲ್ಲ ನನ್ನ ಹೆಂಡತಿ ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದು ಮುಟ್ಟಿಕೊಳ್ಳುತ್ತಿದ್ದಳು. ನಾನು ಮೇಲೆ ನೋಡಿ, ಕೊಂಬೆ ಗಟ್ಟಿಯಿದೆಯೇ, ಯಾರ ತಲೆ ಮೇಲಾದರೂ ಬಿದ್ದೀತೇ ಎಂದು ಯೋಚಿಸುತ್ತಿದ್ದೆ. ದುಃಖ ಪಡುವುದಕ್ಕೂ ನನಗೆ ಬೇರೆ ದಾರಿ ಗೊತ್ತಿಲ್ಲ.

ಆ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ದೀಪಾವಳಿ ಕಳೆದಿತ್ತು. ಸುದ್ದಿ ಸಿಕ್ಕಿ ನಾವು ಓಡಿದಾಗ ಅರ್ಧ ಮರ ಆಗಲೇ ನೆಲದಲ್ಲಿತ್ತು. ಸಿಸ್ಟರ್ ನೇರ ಜೆಸಿಬಿಯ ಮುಂದೆ ಹೋಗಿ ನಿಂತು, ಆಪರೇಟರಿಗೆ ಹೇಳಿದರು.

"ತಮ್ಮಾ, ಆ ಕವಲು ಇಳಿಸುವಾಗ ನಿಧಾನ. ಮೇಲೆ ಪೇಷಂಟ್ ಇದಾರೆ."

ಅವನು ಗಾಬರಿಯಾಗಿ ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಎಷ್ಟು ಹೊತ್ತು ನೋಡಿದರೂ ಮನುಷ್ಯರು ಕಾಣಲಿಲ್ಲ. ಆದರೂ ಕವಲನ್ನು ಹಗ್ಗ ಕಟ್ಟಿಸಿಯೇ ಇಳಿಸಿದ, ಪುಣ್ಯಾತ್ಮ. ಅಷ್ಟು ಮಾಡಿದರೂ ಕೊಂಬೆ ಮಗುಚಿ ಬಿತ್ತು. ಹಿಂಡಿನಲ್ಲಿ ಉಳಿದದ್ದು ಒಂದೇ ಗಿಡ. ಮಿಕ್ಕವೆಲ್ಲ ಜಜ್ಜಿ ಹೋಗಿದ್ದವು, ಉಳಿದದ್ದರ ಬೇರುಗಳೂ ಹರಿದಿದ್ದವು. ಸಿಸ್ಟರ್ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅದೇ ಮರದ ಒಂದು ಸೀಳು ತುಂಡಿಗೆ, ತೊಗಟೆ ಉಳಿದ ಸಿಗುಳಿಗೆ, ತಾಗಿಸಿ ಕಟ್ಟಿ, ಬಾಗಿಲ ಪಕ್ಕದ ಮೊದಲನೇ ಬೆಡ್ಡಿನಲ್ಲಿ ನೇತುಹಾಕಿದರು.

ಚಳಿಗಾಲವೆಲ್ಲ ಅದು ಹಾಗೇ ಇತ್ತು, ಬದುಕಿತೆನ್ನುವ ಹಾಗೂ ಇಲ್ಲ, ಸತ್ತಿತೆನ್ನುವ ಹಾಗೂ ಇಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ "ಬಂತಾ?" ಎನ್ನುತ್ತಿದ್ದೆ. "ನೋಡಾಣ" ಎನ್ನುತ್ತಿದ್ದರು.

ಅಂಥ ಒಂದು ಬೆಳಿಗ್ಗೆ, ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗುಳ್ಳೆ ತೆಗೆಯುತ್ತ, ಗಿಡದ ಬಗ್ಗೆ ಹೇಳುವ ದನಿಯಲ್ಲೇ ಅವರು ಹೇಳಿದರು. ಹೊಟ್ಟೆಯೊಳಗೆ ಗಡ್ಡೆ. ಸ್ಕ್ಯಾನಿಂಗ್ ಆಗಿದೆ. ಕರಾವಳಿಯ ದೊಡ್ಡ ಆಸ್ಪತ್ರೆಗೆ ಬರಲು ಹೇಳಿದ್ದಾರೆ.

"ಏನಂದ್ರು ಸಿಸ್ಟರ್ ಡಾಕ್ಟ್ರು?"

"ನೋಡಾಣ ಅಂದ್ರು."

ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಹೊಸನಗರದಲ್ಲಿರುವ ನಿಮ್ಮ ತಮ್ಮನ ಮನೆಯವರಿಗೂ ಹೇಳದ್ದನ್ನು ನನಗೆ ಯಾಕೆ ಹೇಳಿದಿರಿ ಎಂದು ಕೇಳಿದೆ.

"ಉಳಿದೋರಿಗೆ ಹೇಳಿದ್ರೆ ಅವರು ಹೊಸದಾಗಿ ಹೆದರಬೇಕು. ನಿಮಗಾದ್ರೆ ಅಭ್ಯಾಸ ಇದೆ."

ನಗಿಸಲು ಹೇಳಿದ್ದು. ನಾನು ನಗಲು ಹೋದೆ, ಕೈ ತಾನಾಗಿ ನನ್ನ ಎದೆಯ ಮೇಲೆ ಹೋಯಿತು. ಅವರು ಸಿರಿಂಜು ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದರು. ಗಡ್ಡೆ ಇದ್ದದ್ದು ಅವರಿಗೆ. ನಾಡಿ ನೋಡಿಸಿಕೊಂಡವನು ನಾನು.

"ಇದೊಂದು ಬೇರು ಬಿಟ್ಟುಬಿಟ್ರೆ ಸಾಕು ಏಜೆಂಟ್ರೇ" ಎಂದರು, ಮೊದಲನೇ ಬೆಡ್ಡಿನ ಕಡೆ ನೋಡುತ್ತ. "ಆಸ್ಪತ್ರೆ ಒಳಗಿನ ಹಲಸಿನ ಮರಕ್ಕೆ ಕಟ್ಟಾಣ. ಅದನ್ನ ಯಾರೂ ಕಡಿಯಲ್ಲ. ಈಗಿನ ಸಿಸ್ಟರ್ ಹತ್ರ ಮಾತಾಡಿದೀನಿ. ದೋಟಿ ಎಲ್ಲಿರ್ತದೆ ಅಂತ ತೋರಿಸಿ ಬಂದಿದೀನಿ."

ಇಷ್ಟೇ ಅವರ ಆಸ್ತಿ ವಿಲೇವಾರಿ.

ಶಿವರಾತ್ರಿಯ ಸುಮಾರಿಗೆ ಆ ಗಿಡದಲ್ಲಿ ಎರಡು ಹಸಿರು ಮೊನೆ ಕಾಣಿಸಿದವು. ನಾನು ಹೆಂಡತಿಯನ್ನು ಕರೆದೊಯ್ದು ತೋರಿಸಿದೆ. ಅವಳು ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದಳು. ಅದೇ ವಾರ ಸಿಸ್ಟರ್ ಚಿಕಿತ್ಸೆಗೆ ಹೊರಡಬೇಕಾಯಿತು. ಬೀದಿಯವರಿಗೆ ಹೇಳಿದ್ದು, ತಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು. ನನಗೆ ಮಾತ್ರ ಕೆಲಸ ಒಪ್ಪಿಸಿದರು. "ಬೆಳಿಗ್ಗೆ ಒಂದು ತುಂತುರು. ಇನ್ನೇನೂ ಮಾಡ್ಬೇಡಿ. ಬರೀ ನೋಡಿ. ನೋಡೋದ್ರಲ್ಲಿ ನಿಮ್ಮಷ್ಟು ಗಟ್ಟಿ ಯಾರೂ ಇಲ್ಲ."

ನಾನು ಹಾಗೇ ಮಾಡಿದೆ. ಎರಡನೆಯ ದಿನವೋ ಮೂರನೆಯ ದಿನವೋ ಹೋದಾಗ ಜಗುಲಿಯ ನೆಲ ಒದ್ದೆಯಿತ್ತು. ಮರುದಿನವೂ. ಬಿಸಿಲು ಕಾಯುವ ಆ ತಿಂಗಳಲ್ಲಿ ನೀರು ಎಲ್ಲಿಂದ? ಹೆಂಚು ಸೋರುತ್ತಿರಬೇಕು ಎಂದು ನಿರ್ಧರಿಸಿ, ಏಣಿ ತಂದು, ತಲೆ ತಿರುಗುವ ನಾನು ಮಾಡು ಹತ್ತಿ ಒಂದೊಂದೇ ಹೆಂಚು ತಟ್ಟಿ ನೋಡಿದೆ. ಮಳೆಯೇ ಇಲ್ಲದೆ ಮಾಡು ಸೋರುವುದು ಹೇಗೆ ಎಂಬುದು ಏಣಿ ಇಳಿದ ಮೇಲೆ ಹೊಳೆಯಿತು.

ಆದದ್ದು ಇಷ್ಟು. ಸಿಸ್ಟರ್ ಮನೆಯ ಕೀಲಿ ಮೀಟರ್ ಬಾಕ್ಸಿನ ಹಿಂದಿರುತ್ತದೆ ಎಂಬುದು ಇಡೀ ಬೀದಿಗೆ ಗೊತ್ತು. ಪಾಪ, ಸಿಸ್ಟರ್ ಊರಲ್ಲಿಲ್ಲ, ಗಿಡ ಒಣಗಿಹೋದಾವು ಎಂದು ಭಟ್ಟರ ಹೆಂಡತಿ ಸ್ನಾನವಾದ ಮೇಲೆ ಬಂದು ಒಂದು ಕೊಡ ನೀರು ಹಾಕಿ ಹೋಗುತ್ತಿದ್ದರು. ಮೂಲೆಮನೆಯ ಮೇಷ್ಟ್ರು ಶಾಲೆಯಿಂದ ಬಂದು ಇನ್ನೊಂದು. ಆಚೆಮನೆಯ ಬಾಣಂತಿಯ ತಾಯಿ, ಹಿಂದೆ ಆ ಮಗಳನ್ನೇ ಹೆತ್ತಾಗ ಹೆರಿಗೆ ಮಾಡಿಸಿದ ಋಣಕ್ಕೆ, ಸಂಜೆ ಮತ್ತೊಂದು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇನ್ನೂ ಎಷ್ಟು ಜನವೋ ನನಗೂ ಗೊತ್ತಿಲ್ಲ. ನಾನು ಅದನ್ನು ಕಂಡುಹಿಡಿದು, ಕ್ಷಮೆ ಕೇಳುವವನ ಹಾಗೆ ಮನೆಮನೆಗೆ ಹೋಗಿ ನಿಲ್ಲಿಸುವ ಹೊತ್ತಿಗೆ, ಪ್ರೀತಿ ಬೇಕಾದದ್ದಕ್ಕಿಂತ ಹೆಚ್ಚು ಹರಿದುಹೋಗಿತ್ತು.

ಸಿಸ್ಟರ್ ವಾಪಸು ಬಂದಾಗ ಹಸಿರು ಮೊನೆಗಳೆರಡೂ ಕಂದಾಗಿ ಮೆತ್ತಗಾಗಿದ್ದವು. ಅವರೂ ಅರ್ಧವಾಗಿದ್ದರು. ಕುರ್ಚಿಯ ಮೇಲೆ ಕೂತು ಒಂದೊಂದೇ ಬೆಡ್ಡನ್ನು ಕೈಗೆ ತರಿಸಿಕೊಂಡು ನೋಡಿದರು. ನೀರು ಹಾಕಿದವರ ಹೆಸರು ಹೇಳಲು ಹೋದೆ. ಕೈಯೆತ್ತಿ ತಡೆದರು.

"ಬಿಡಿ. ವಾರ್ಡಲ್ಲೂ ಹಿಂಗೇ. ನೋಡೋಕೆ ಬಂದೋರು ಒಬ್ಬೊಬ್ಬರೂ ಒಂದೊಂದು ಇಡ್ಲಿ ತಿನ್ನಿಸಿ ಹೋಗ್ತಾರೆ."

ಸಂಜೆ ಭಟ್ಟರ ಹೆಂಡತಿ ಬಂದು "ಒಂದು ದಿನವೂ ತಪ್ಪಿಸಿಲ್ಲ ಸಿಸ್ಟರ್, ನೀರು ಹಾಕಿದೀನಿ" ಎಂದರು. "ಗೊತ್ತಾಯ್ತು ಮಾರಾಯ್ತಿ. ದೊಡ್ಡ ಉಪಕಾರ ಆಯ್ತು" ಎಂದು ಅವರ ಕೈ ಹಿಡಿದು ಹೇಳಿದರು ಸಿಸ್ಟರ್. ಭಟ್ಟರ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಓದುವ ಅಭ್ಯಾಸದವರಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮತ್ತೆ ಬ್ಲೇಡು, ಮತ್ತೆ ದಾಲ್ಚಿನ್ನಿ, ಮತ್ತೆ ಪಾಚಿ ರಸ. ಈಗ ಸಿರಿಂಜು ನನ್ನ ಕೈಯಲ್ಲಿ. ಅವರು ಮಂಚದಿಂದಲೇ ಕಿಟಕಿಯ ಮೂಲಕ "ಗುಳ್ಳೆ ತೆಗೀರಿ" ಎನ್ನುತ್ತಿದ್ದರು. ಗಿಡಕ್ಕೆ ಗುಳ್ಳೆಯಿಂದ ಏನೂ ಆಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಮ್ಮನ ಹೆಂಡತಿ ಹೊಸನಗರದಿಂದ ಬಂದು ಜೊತೆಗಿದ್ದರು. ಬೀದಿಗೂ ವಿಷಯ ತಿಳಿದಿತ್ತು. ಈಗ "ಬಂತಾ?" ಎಂದು ಕೇಳುವವರು ಸಿಸ್ಟರ್. ದಿನಾ ಕೇಳುತ್ತಿದ್ದರು. ಹೌದು ಎಂದು ಸುಳ್ಳು ಹೇಳಬಹುದಿತ್ತು. ಅವರ ಮುಂದೆ ನನಗೆ ಅದು ಸಾಧ್ಯವಿರಲಿಲ್ಲ; ಮಣಿಕಟ್ಟು ಹಿಡಿದರೆ ಗೊತ್ತಾಗಿಬಿಡುತ್ತಿತ್ತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಲೆಯ ಸಂದಿನಲ್ಲಿ ಹಸಿರು ಮೊನೆ ಕಂಡಿತು. ನಾನು ಗಿಡವನ್ನು ಸಿಗುಳಿನ ಸಮೇತ ಎತ್ತಿಕೊಂಡು ಒಳಗೆ ಓಡಿದೆ. ಅವರಿಗೆ ಕಣ್ಣು ಮಂಜಾಗಿತ್ತು. ಬಾಗಿದ ಆ ಹೆಬ್ಬೆರಳಿನ ತುದಿಯಿಂದ ಮೊನೆಯನ್ನು ಮುಟ್ಟಿ, ಸುತ್ತ ಒಂದು ಸಲ ಸವರಿದರು. ಮುಖ ಬೆಳಗಿತು, ಹಾಗೇ ಆರಿತು.

"ಬೇರಲ್ಲ. ಹೂವು."

ನಾನು ಖುಷಿಪಟ್ಟೆ. ಈ ವರ್ಷದ ಹೂವು ಅವರು ನೋಡಬಹುದಲ್ಲ ಎಂದೆ.

"ಬೇರಿಲ್ಲದೆ ಹೂವು ಬಿಡೋದು ಅಂದ್ರೆ ಎಂತ ಗೊತ್ತಾ? ಹೋಗ್ತೀನಿ ಅಂತ ಅದಕ್ಕೆ ಗೊತ್ತಾಗಿದೆ. ಇದ್ದದ್ದೆಲ್ಲ ಹೂವಿಗೆ ಹಾಕ್ತಿದೆ." ಬೆರಳನ್ನು ಮೊನೆಯಿಂದ ತೆಗೆದರು. "ತೆಗೀರಿ ಅದನ್ನ."

"ಸಿಸ್ಟರ್..."

"ನೋಡೋ ಆಸೆ ನಂಗಿಲ್ವಾ? ಇದೆ. ಆದ್ರೆ ಹೂವು ತೆಗೆದ್ರೆ ಮಾತ್ರ ಬೇರಿನ ಕಡೆ ತಿರುಗ್ತದೆ. ಬ್ಲೇಡ್ ತಗೊಳಿ."

ನಾನು ಬ್ಲೇಡ್ ತಂದು ಬಲಗೈಯಲ್ಲಿ ಹಿಡಿದೆ. ಅವರು ನನ್ನ ಎಡಗೈಯ ಮಣಿಕಟ್ಟು ಹಿಡಿದುಕೊಂಡರು, ಮೂರು ಬೆರಳಿನಲ್ಲಿ. "ಓಡ್ತಾ ಇದೆ ನಿಮ್ದು. ಉಸಿರು ಎಳ್ಕೊಳ್ಳಿ. ಹಾಂ, ಈಗ." ನಾನು ಕೊಯ್ದೆ. ಒಂದು ಬೆರಳ ಗೆಣ್ಣಿನಷ್ಟು ಉದ್ದದ ಕಡ್ಡಿ, ಅದರ ತುಂಬ ಸಾಸಿವೆಯಷ್ಟು ಹಸಿರು ಮೊಗ್ಗುಗಳು. ಅದನ್ನು ಬಿಸಾಡಲು ನನ್ನ ಹೆಂಡತಿ ಬಿಡಲಿಲ್ಲ. ಮನೆಗೆ ತಂದು ಗ್ಲಾಸಿನ ನೀರಿನಲ್ಲಿಟ್ಟಳು.

ಮಳೆ ಹಿಡಿದ ವಾರ. ಬೆಳಗಿನ ಹೊತ್ತು, ಹೊರಗೆ ಒಂದೇ ಸಮ ಸುರಿಯುತ್ತಿತ್ತು. ತಮ್ಮನ ಹೆಂಡತಿ ಒಳಗೆ ಗಂಜಿ ಮಾಡುತ್ತಿದ್ದರು. ನಾನು ಮಂಚದ ಪಕ್ಕ ಕೂತಿದ್ದೆ.

"ಬಂತಾ?" ಎಂದರು. ದನಿ ಕೇಳಿಸಲಿಲ್ಲ, ತುಟಿಯಿಂದ ತಿಳಿದೆ.

"ನೋಡಾಣ ಸಿಸ್ಟರ್" ಎಂದೆ.

ಅವರ ಬಾಯಿಯ ಒಂದು ಮೂಲೆ ನಕ್ಕಿತು. ತಮ್ಮ ಮಾತು ತಮಗೇ ಬಂತಲ್ಲ ಎಂದಿರಬೇಕು. ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಉಸಿರಿನ ಸದ್ದು ಬದಲಾದ ಹಾಗಾಯಿತು, ಅಥವಾ ಮಳೆಯ ಸದ್ದು ಜಾಸ್ತಿಯಾಯಿತು. ನಾನು ಅವರ ಮಣಿಕಟ್ಟು ಹಿಡಿದೆ. ನಾಡಿ ಸಿಕ್ಕಿತು. ಚೆನ್ನಾಗಿ, ಗಟ್ಟಿಯಾಗಿ ಬಡಿಯುತ್ತಿತ್ತು. "ಇದೆ, ಇದೆ, ಚೆನ್ನಾಗೇ ಇದೆ" ಎಂದು ಒಳಗೆ ಕೂಗಿ ಹೇಳಿದೆ. ತಮ್ಮನ ಹೆಂಡತಿ ಬಂದು ಮುಖ ನೋಡಿದರು. ಸೌಟು ಕೈಯಲ್ಲೇ ಇತ್ತು.

"ಅಣ್ಣಾ, ಕೈ ಬಿಡಿ" ಎಂದರು ಮೆಲ್ಲಗೆ.

"ಇಲ್ಲ, ಬಡೀತಾ ಇದೆ. ನೋಡಿ ಬೇಕಾದ್ರೆ" ಎಂದೆ ನಾನು. ಎಷ್ಟು ಹೊತ್ತು ಹಾಗೆ ಹೇಳುತ್ತಿದ್ದೆನೋ. ಆಮೇಲೆ ನನ್ನ ಕೈಯ ಕಡೆ ನೋಡಿದೆ. ಹಿಡಿದದ್ದು ಹೆಬ್ಬೆರಳಿನಲ್ಲಿ.

ಮಧ್ಯಾಹ್ನ ಬೀದಿಯೆಲ್ಲ ಬಂತು. ಪೇಟೆಯೂ ಬಂತು. ಭಟ್ಟರ ಹೆಂಡತಿ ಒಂದು ಮೂಲೆಯಲ್ಲಿ ನಿಂತು ಮೂಗಿಗೆ ಸೆರಗು ಹಿಡಿದಿದ್ದರು, ವಾಸನೆಗಲ್ಲ. ಎತ್ತುವ ಹೊತ್ತಿಗೆ ನನ್ನ ಹೆಂಡತಿ "ಒಂದ್ನಿಮಿಷ ತಡೀರಿ" ಎಂದಳು. ಮಳೆಯಲ್ಲಿ ಮನೆಗೆ ಹೋಗಿ ಬಂದಳು. ತೆಳ್ಳಗಾಗಿದ್ದ ಆ ಕೂದಲನ್ನು ಬಾಚಿ, ಬೆರಳುದ್ದದ ಜಡೆ ಹಾಕಿ, ಗ್ಲಾಸಿನಲ್ಲಿಟ್ಟಿದ್ದ ಕಡ್ಡಿಯನ್ನು ಅದಕ್ಕೆ ಸಿಕ್ಕಿಸಿದಳು. ಒಂದು ಮೊಗ್ಗೂ ಅರಳಿರಲಿಲ್ಲ.

ಬೇರು ಬಂದದ್ದು ಆಷಾಢದಲ್ಲಿ. ಒಂದಲ್ಲ, ಮೂರು. ನಾನು ಬೆಳಿಗ್ಗೆ ಹೋಗಿ ನೋಡಿದೆ, ಕನ್ನಡಕ ಒರೆಸಿ ಮತ್ತೆ ನೋಡಿದೆ, ಹೂವೇ ಇರಬಹುದೇ ಎಂದು ಹೆದರಿದೆ, ದಿನಾ ಹೆದರಿದೆ. ಅವು ಎಲೆಯ ಸಂದಿನಿಂದ ಕೆಳಮುಖವಾಗಿ ತಿರುಗಿ ಸಿಗುಳನ್ನು ತಡಕತೊಡಗಿದ ಮೇಲೆ ನಂಬಿದೆ. ಹೇಳಲು ಯಾರೂ ಇರಲಿಲ್ಲ. ಖಾಲಿ ಮಂಚದ ಕಿಟಕಿಯ ಹತ್ತಿರ ಹೋಗಿ "ಬಂತು ಸಿಸ್ಟರ್" ಎಂದೆ. ಹೇಳಿದ ಮೇಲೆ, ಯಾರಾದರೂ ಕೇಳಿಸಿಕೊಂಡು ನನಗೆ ತಲೆ ಕೆಟ್ಟಿದೆ ಎಂದುಕೊಂಡರೆ ಎಂದು ಹೆದರಿ ಸುತ್ತ ನೋಡಿದೆ. ನನ್ನ ಹೆದರಿಕೆ ಯಾವುದಕ್ಕೂ ಬಿಡುವು ಕೊಡುವುದಿಲ್ಲ. ಈಗ ಆ ಹೆದರಿಕೆಯನ್ನು ಒಯ್ದು ತೋರಿಸಲು ಎರಡು ಮನೆ ಆಚೆ ಯಾರೂ ಇಲ್ಲ.

ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಿದ್ದ ಒಂದು ದಿನ ಆಸ್ಪತ್ರೆಯ ಹಲಸಿನ ಮರಕ್ಕೆ ಅದನ್ನು ಕಟ್ಟಿದೆವು. ಈಗಿನ ಸಿಸ್ಟರ್ ಸ್ಟೂಲು ಹಿಡಿದುಕೊಂಡರು, ಹೆಂಡತಿ ಬ್ಯಾಂಡೇಜ್ ಸುತ್ತಿದಳು. ಒಳಗೆ ಯಾವುದೋ ಮಗು ಅಳುತ್ತಿತ್ತು. ಮೂವರೂ ಒಂದು ಕ್ಷಣ ನಿಂತು ಕೇಳಿಸಿಕೊಂಡೆವು.

ಈಗ ಆ ಬಟ್ಟೆ ಕೊಳೆತು ಉದುರಿದೆ. ಮೆಲ್ಲಗೆ ಎಳೆದು ನೋಡಬೇಕು ಎಂದು ಅವರು ಹೇಳಿಕೊಟ್ಟಿದ್ದರು. ನನಗೆ ಧೈರ್ಯವಿಲ್ಲ. ಬದಲಿಗೆ, ಆ ದಾರಿಯಲ್ಲಿ ಹೋದಾಗೆಲ್ಲ ಒಳಗೆ ಹೋಗಿ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ತೊಗಟೆಗೆ ಅಂಟಿಕೊಂಡ ದಪ್ಪ ಬೇರಿನ ಮೇಲೆ ಹೆಬ್ಬೆರಳು ಇಡುತ್ತೇನೆ. ಬಡಿತ ಸಿಗುತ್ತದೆ. ಯಾರದ್ದು ಎಂದು ನನಗೆ ಗೊತ್ತು. ಆದರೂ ಸ್ವಲ್ಪ ಹೊತ್ತು ಬೆರಳು ತೆಗೆಯುವುದಿಲ್ಲ.